ಮೊನ್ನೆಯವರೆಗೆ ಸರಿಯಿದ್ದರು

ಮಂಗಳವಾರ ಪೇಪರ್ ಓದಿ ರಾಜಕೀಯದ ಬಗ್ಗೆ ವಾದಕ್ಕಿಳಿದಿದ್ದ ಎಪ್ಪತ್ತೆಂಟರ ಅಪ್ಪ, ಗುರುವಾರ ರಾತ್ರಿ ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಎಂದು ಒರೆಸತೊಡಗುತ್ತಾರೆ. ತೀರಿಹೋದ ತಮ್ಮನಿಗೆ ಊಟ ಬಡಿಸಿ ಎನ್ನುತ್ತಾರೆ. ಮನೆಯವರು 'ವಯಸ್ಸಾಯ್ತಲ್ಲ, ಅರಳು ಮರಳು' ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ, ಇಲ್ಲವೇ ದೃಷ್ಟಿ ತೆಗೆಯುತ್ತಾರೆ. ದೃಷ್ಟಿ ತೆಗೆಯಲಿ, ಆಮೇಲೆ ಆಸ್ಪತ್ರೆಗೂ ಹೊರಡಲಿ.

ಆಲ್‌ಝೈಮರ್‌ನಂಥ ಮರೆವಿನ ಕಾಯಿಲೆ ವರ್ಷಗಟ್ಟಲೆ ಸಮಯ ತೆಗೆದುಕೊಂಡು ಬರುತ್ತದೆ. ಎರಡೇ ದಿನದಲ್ಲಿ ಬುದ್ಧಿ ಏರುಪೇರಾದರೆ ವೈದ್ಯರು ಡೆಲಿರಿಯಮ್ ಎಂದು ಶಂಕಿಸುತ್ತಾರೆ. ಅದರ ಮೂಲ ಎಷ್ಟೋ ಸಲ ತಲೆಯಲ್ಲಿ ಇರುವುದೇ ಇಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ ಆಗಿರಬಹುದು. ಮುಪ್ಪಿನಲ್ಲಿ ಇವು ಜ್ವರವನ್ನೇ ತೋರಿಸದೆ ಬರುವುದುಂಟು. ಬಿಪಿಗೆ ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆಯಿಂದ ರಕ್ತದ ಸೋಡಿಯಂ ಸಹಜ ಮಟ್ಟದ ಕನಿಷ್ಠ ಮಿತಿಯಾದ 135ಕ್ಕಿಂತ ಬಹಳ ಕೆಳಗೆ ಇಳಿದಿರಬಹುದು. ನೆಗಡಿಗೆಂದು ಮೆಡಿಕಲ್ ಶಾಪಿನಿಂದ ತಂದ ಕ್ಲೋರ್‌ಫೆನಿರಮಿನ್ ಕೂಡ ಇದಕ್ಕೆ ಸಾಕು. ಬಚ್ಚಲಲ್ಲಿ ಜಾರಿ ತಲೆ ತಾಗಿಸಿಕೊಂಡದ್ದು ಎಲ್ಲರಿಗೂ ಮರೆತ ಮೇಲೆ, ವಾರಗಳು ಕಳೆದು, ಮಿದುಳಿನ ಸುತ್ತ ಕೂಡಿಕೊಂಡ ರಕ್ತವೂ ಹೀಗೆ ಮಾತಾಡಿಸುತ್ತದೆ. ಬಾಯಿ ಸೊಟ್ಟಗಾಗಿ ಮಾತು ತೊದಲಿದರಂತೂ ಅದು ಪಾರ್ಶ್ವವಾಯು ಇರಬಹುದು. ಅದಕ್ಕೆ ಕೊಡುವ, ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಲಕ್ಷಣ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು.

ಕೂಗಾಡುವವರನ್ನು ಹೇಗೂ ಒಯ್ಯುತ್ತೇವೆ. ಗೋಡೆಗೆ ಮುಖ ಮಾಡಿ ಮಂಕಾಗಿ ಮಲಗಿದ ಅಮ್ಮನನ್ನು 'ಸುಸ್ತಾಗಿದ್ದಾಳೆ, ಮಲಗಲಿ' ಎಂದು ಬಿಡುತ್ತೇವೆ. ಡೆಲಿರಿಯಮ್ ವೃದ್ಧರಲ್ಲಿ ಹೆಚ್ಚಾಗಿ ಕಾಣುವುದು, ಕಣ್ತಪ್ಪುವುದು ಈ ಸದ್ದಿಲ್ಲದ ರೂಪದಲ್ಲೇ. ಯಾರಿಗೂ ತೊಂದರೆ ಕೊಡದ ಮುದುಕಿಯನ್ನು ಹೊಗಳುವ ನಮ್ಮ ಅಭ್ಯಾಸ ಇಲ್ಲಿ ಪ್ರಾಣಕ್ಕೇ ಕುತ್ತು.

ಅಮೆರಿಕದ ವೈದ್ಯೆ ಶರಾನ್ ಇನೂಯೆ ಮತ್ತು ಸಂಗಡಿಗರು ಡೆಲಿರಿಯಮ್ ಪತ್ತೆಗೆಂದು 1990ರಲ್ಲಿ ಪ್ರಕಟಿಸಿದ ಪರೀಕ್ಷಾಕ್ರಮ ಮೊದಲು ಕೇಳುವುದು, ಬದಲಾವಣೆ ದಿಢೀರನೆ ಬಂತೇ, ದಿನದಲ್ಲಿ ಏರಿಳಿಯುತ್ತದೆಯೇ ಎಂದು. ಇದಕ್ಕೆ ಉತ್ತರ ಸ್ಕ್ಯಾನಿನಲ್ಲಿ ಸಿಗುವುದಿಲ್ಲ, ಮನೆಯಲ್ಲಿ ಜೊತೆಗಿದ್ದವರ ಬಳಿ ಇರುತ್ತದೆ. ಅಂಥವರು ಸಾಮಾನ್ಯವಾಗಿ ಸೊಸೆ, ಅಥವಾ ಕೆಲಸಕ್ಕೆ ಬರುವಾಕೆ. ತೀರ್ಮಾನ ಮಾತ್ರ ದೂರದೂರಿನ ಮಗನದು. ಆತ ಬೆಳಿಗ್ಗೆ ಫೋನ್ ಮಾಡುತ್ತಾನೆ, ಆ ಹೊತ್ತಿಗೆ ಅಪ್ಪ ತಿಳಿಯಾಗಿರುತ್ತಾರೆ. 'ನನ್ನ ಹತ್ತಿರ ಸರಿಯಾಗೇ ಮಾತಾಡಿದರಲ್ಲ, ನೀನು ಗಾಬರಿ ಬೀಳ್ತೀಯ' ಎನ್ನುತ್ತಾನೆ. ಮುಸ್ಸಂಜೆಗೆ ಮತ್ತೆ ಇರುವೆಗಳು. ನನ್ನನ್ನು ಕೇಳಿದರೆ, ಈ ಜಗಳದಲ್ಲಿ ಸೊಸೆಯ ಮಾತೇ ಸಾಕ್ಷ್ಯ.

ಆಸ್ಪತ್ರೆಗೆ ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ, ನಾಟಿ ಔಷಧಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮೊನ್ನೆಯವರೆಗೆ ಸರಿಯಿದ್ದರು ಎಂಬುದನ್ನು ಡಾಕ್ಟರಿಗೆ ಮೊದಲ ಮಾತಾಗಿ ಹೇಳಿ. ಕನ್ನಡಕ, ಕಿವಿಯ ಮಿಷನ್ ಮನೆಯಲ್ಲಿ ಉಳಿಯದಿರಲಿ. ಸರಿಯಾಗಿ ಕಾಣದೆ ಕೇಳದೆ ಅಪರಿಚಿತ ವಾರ್ಡಿನಲ್ಲಿ ಮಲಗಿದರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ.