ಗುಜರಿಗೆ ಹಾಕುವ ಮುನ್ನ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಕೇಳುವುದುಂಟು: "ಸರ್, ಊರಾಗಿನ ಲ್ಯಾಪ್‌ಟಾಪ್ ಗುಜರಿಗೇ ಹಾಕೋದೇನ್ರಿ?"

ಬೇಡ, ಲಿನಕ್ಸ್ ಹಾಕಿರಿ. ಅದರಲ್ಲಿ ಡೆಸ್ಕ್‌ಟಾಪನ್ನು, ಎಂದರೆ ತೆರೆಯ ಮೇಲೆ ಕಾಣುವ ಮೆನು, ಕಿಟಕಿಗಳ ವ್ಯವಸ್ಥೆಯನ್ನು, ನಾವೇ ಆರಿಸಿಕೊಳ್ಳಬಹುದು. ಗ್ನೋಮ್ ಅಂದವಾದರೂ ಹಳೆಯ ಯಂತ್ರಕ್ಕೆ ಭಾರ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಹಗುರ; ಐಸ್‌ಡಬ್ಲ್ಯೂಎಂ ಇನ್ನೂ ಹಗುರ.

ಎಲ್ಲಕ್ಕಿಂತ ಹಗುರವಾದುದನ್ನೇ ಆರಿಸಬೇಕೆಂಬ ಹಟ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಉಳಿಸಿದ ಮೆಮೊರಿಯನ್ನು ಬ್ರೌಸರಿನ ನಾಲ್ಕು ಪುಟಗಳೇ ನುಂಗಿಬಿಡುತ್ತವೆ. ದೇವಾಪುರದ ಮನೆಯಲ್ಲಿ ಆ ಯಂತ್ರವನ್ನು ಬಳಸುವವರು ನಿಮ್ಮ ತಂದೆಯವರು, ಇಲ್ಲವೇ ಹೈಸ್ಕೂಲಿಗೆ ಹೋಗುವ ತಂಗಿ. ತೊಡಕಾದರೆ ಬಿಡಿಸಬೇಕಾದ ನೀವು ಇರುವುದು ಬೆಂಗಳೂರಿನಲ್ಲಿ. ಆದ್ದರಿಂದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯೇ ಲೇಸೆಂಬುದು ನನ್ನ ಮತ. ಅದರ ಮೆನು, ಕೆಳಗಿನ ಪಟ್ಟಿ ವಿಂಡೋಸ್ ಬಲ್ಲವರಿಗೆ ಹೊಸತೆನಿಸವು. 2 ಜಿಬಿ ಮೆಮೊರಿಯಲ್ಲಿ ನಡೆಯುತ್ತದೆ, 4 ಇದ್ದರೆ ಸುಖ; ಪ್ರೊಸೆಸರ್ ಮಾತ್ರ 64 ಬಿಟ್‌ನದಾಗಿರಬೇಕು.

ಪಂಡಿತರ ವಿದ್ಯೆಯೆಂಬ ಅಳುಕು ಬೇಡ. ಕಾಸರಗೋಡಿನ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಲ್ಲಿ, ಕೇರಳದ ಉಳಿದ ಕಡೆಯಂತೆಯೇ, ಮಕ್ಕಳು ಲಿನಕ್ಸಿನಲ್ಲಿಯೇ ಕಂಪ್ಯೂಟರ್ ಕಲಿಯುತ್ತಾರೆ.

ಐಬಸ್, ಎಂ17ಎನ್ ಸೇರಿಸಿಕೊಂಡರೆ ‘ನುಡಿ’ಯ ಕೆಜಿಪಿ ಕೀಲಿವಿನ್ಯಾಸದಲ್ಲಿಯೇ ಕನ್ನಡ ಬರೆಯಬಹುದು. ಆದರೆ ನುಡಿಯ ಹಳೆಯ ಆಸ್ಕಿ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಬೇರೆಡೆ ಉಳಿಸಿಕೊಂಡ ನಂತರವೇ ವಿಂಡೋಸನ್ನು ಅಳಿಸಿರಿ. ತಂದೆಯವರ ಬರಹಗಳು ಅದರಲ್ಲಿರಬಹುದು. ಅದಕ್ಕೂ ಮೊದಲು ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಸಿ ವೈಫೈ ಪರೀಕ್ಷಿಸಿರಿ. ಕೆಲವು ಬ್ರಾಡ್‌ಕಾಮ್ ಚಿಪ್ಪುಗಳಿಗೆ ಡ್ರೈವರನ್ನು ಬೇರೆಯಾಗಿ ಹಾಕಬೇಕಾಗುತ್ತದೆ.