ಓದಿನ ಸಾಲದ ಕಾಗದ ಕನ್ನಡದಲ್ಲಿ ಕೊಡಿ ಎಂದು ಕೇಳಿ!



ಪಿಯುಸಿ ಫಲಿತಾಂಶ ಬಂದರೆ ಸಾಕು, ನಮ್ಮ ಮನೆಗಳಲ್ಲಿ ಪ್ರತಿ ವರ್ಷ ಒಂದೇ ಮಾತು. "ಮಾರ್ಕ್ಸೇನೋ ಬಂದಿದೆ, ದುಡ್ಡಿಗೇನು ಮಾಡೋದು?" ಈ ಪ್ರಶ್ನೆಗೆ ಉತ್ತರ ಸಿಗದೆ ಎಷ್ಟೋ ಹುಡುಗಿಯರು ಗಾರ್ಮೆಂಟ್ಸ್ ಬಾಗಿಲಿಗೆ, ಎಷ್ಟೋ ಹುಡುಗರು ಡೆಲಿವರಿ ಬೈಕಿಗೆ ಹೋಗುತ್ತಾರೆ. ಅವ್ವನ ಒಡವೆ ಗಿರವಿ ಅಂಗಡಿ ಸೇರುತ್ತದೆ. ಇಲ್ಲವೆ ಅಪ್ಪ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತರುತ್ತಾನೆ. ವರ್ಷಕ್ಕೆ ನೂರಕ್ಕೆ 36 ಆಯಿತು!

ಸರ್ಕಾರದಲ್ಲಿ ಓದುವ ಮಕ್ಕಳಿಗೆ ದುಡ್ಡಿಲ್ಲವೆ? ಇದೆ. ಬ್ಯಾಂಕಿನಲ್ಲಿ ಇಲ್ಲವೆ? ಬೇಕಾದಷ್ಟಿದೆ. ಮತ್ತೇಕೆ ಅದು ನಮ್ಮ ಮಕ್ಕಳ ಕೈಗೆ ಬರುವುದಿಲ್ಲ? ದುಡ್ಡಿಗೂ ಓದುವ ಹುಡುಗನಿಗೂ ನಡುವೆ ಒಂದು ಕಾಗದವಿದೆ. ಅದು ಅವನ ಮನೆಯಲ್ಲಿ ಯಾರಿಗೂ ಅರ್ಥವಾಗದ ಭಾಷೆಯಲ್ಲಿದೆ. ಕೇಳಲು ಅವನಿಗೆ ಸಂಕೋಚ, ಹೇಳಲು ಅಧಿಕಾರಿಗೆ ಪುರುಸೊತ್ತಿಲ್ಲ. ಹೀಗೆ ಒಂದು ಹುಡುಗನ ಹಣೆಬರಹ ಬದಲಾಗುತ್ತದೆ.

ಇದು ಭಿಕ್ಷೆಯಲ್ಲ

ವಿದ್ಯಾರ್ಥಿವೇತನ ಎಂದರೆ ಯಾರೋ ಪುಣ್ಯಾತ್ಮರು ಹಾಕುವ ಭಿಕ್ಷೆ ಎಂದು ತಿಳಿಯಬೇಡಿ. ನಮ್ಮ ತಾತಂದಿರ ಕಾಲದಲ್ಲಿ ಬಡ ಹುಡುಗ ಪಟ್ಟಣಕ್ಕೆ ಓದಲು ಬಂದರೆ ವಾರಾನ್ನವೇ ಗತಿ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಬಾಗಿಲುಗಳೂ ಎಲ್ಲ ಜಾತಿಯ ಮಕ್ಕಳಿಗೆ ತೆರೆಯುತ್ತಿರಲಿಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ಮಿಲ್ಲರ್ ಸಮಿತಿಯನ್ನು ನೇಮಿಸಿದ ಮೇಲೆ, ಹಿಂದುಳಿದವರ ಮಕ್ಕಳ ಓದಿಗೆ ನೆರವು ಕೊಡುವುದು ಸರ್ಕಾರದ ಕೆಲಸ ಎಂಬ ಮಾತು ಗಟ್ಟಿಯಾಯಿತು. ಮಠಗಳು, ಸಮುದಾಯದ ಸಂಘಗಳು ಉಚಿತ ವಿದ್ಯಾರ್ಥಿನಿಲಯಗಳನ್ನು ಕಟ್ಟಿದವು. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದವರ ಹಾಸ್ಟೆಲುಗಳಿಗೆ ಬಲ ಕೊಟ್ಟಿತು. ವಾರಾನ್ನದ ಎಲೆಯಿಂದ ಹಾಸ್ಟೆಲಿನ ತಟ್ಟೆಗೆ ಬರಲು ಅರ್ಧ ಶತಮಾನವೇ ಹಿಡಿಯಿತು. ಹಾಗೆ ಬಂದದ್ದನ್ನು ಕೈಕಟ್ಟಿ ನಿಂತು ಬೇಡಬೇಕೆ?

ಕೇಳಿದರೆ ಏನಾಗುತ್ತದೆ ಎನ್ನುವುದಕ್ಕೂ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ಕ್ಯಾಪಿಟೇಷನ್ ದಂಧೆಗೆ ಕರ್ನಾಟಕ ಕುಖ್ಯಾತವಾಗಿತ್ತು. 1984ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಬಂತು. ಬಂದರೇನು? 1989ರ ಸರ್ಕಾರಿ ಅಧಿಸೂಚನೆಯೇ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ರಾಜ್ಯದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ದರಪಟ್ಟಿ ಕೊಟ್ಟಿತ್ತು. ತುಮಕೂರಿನ ಕಾಲೇಜಿನಲ್ಲಿ ಸೀಟು ಬಯಸಿದ ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಕೋರ್ಟು ಕ್ಯಾಪಿಟೇಷನ್ ಶುಲ್ಕ ಕಾನೂನುಬಾಹಿರ ಎಂದಿತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು, 1994ರಲ್ಲಿ ನಮ್ಮ ಸಿಇಟಿ. ಹೊರಗಿನಿಂದ ಬಂದ ಒಬ್ಬ ಹುಡುಗಿ ಬಾಯಿ ಬಿಟ್ಟು ಕೇಳಿದ್ದರ ಫಲವನ್ನು ನಮ್ಮ ಹಳ್ಳಿಯ ಮಕ್ಕಳೂ ಉಂಡರು. ನಾವು ಮಾತ್ರ ಇನ್ನೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇವೆ!

ಮೊದಲು ತೀರಿಸಬೇಕಿಲ್ಲದ ದುಡ್ಡು

ಸಾಲಕ್ಕೆ ಓಡುವ ಮುನ್ನ ವಾಪಸು ಕೊಡಬೇಕಿಲ್ಲದ ದುಡ್ಡು ಎಲ್ಲೆಲ್ಲಿದೆ ನೋಡಿ.

ಒಂದು, ಸೀಟು ಪಡೆಯುವಾಗಲೇ ಉಳಿಯುವ ದುಡ್ಡು. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ನೂರಕ್ಕೆ 15, ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲಿದೆ. ಸರ್ಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಲಕ್ಷಗಟ್ಟಲೆ ಅಂತರವಿರುವಾಗ ಈ ಮೀಸಲಾತಿಯೇ ದೊಡ್ಡ ವಿದ್ಯಾರ್ಥಿವೇತನ. ಇದಲ್ಲದೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 5ರಷ್ಟು ಹೆಚ್ಚುವರಿ ಸೀಟುಗಳಿವೆ. ಕುಟುಂಬದ ವರಮಾನ 8 ಲಕ್ಷದೊಳಗಿದ್ದವರಿಗೆ ಈ ಸೀಟಿನಲ್ಲಿ ಬೋಧನಾ ಶುಲ್ಕ ಮಾಫಿ. ಅರ್ಜಿಯಲ್ಲಿ ಒಂದು ಗುರುತು ತಪ್ಪಿದರೆ, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರುವುದು ತಡವಾದರೆ, ಈ ಹಕ್ಕು ಕೈಬಿಟ್ಟು ಹೋಗುತ್ತದೆ.

ಎರಡು, ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಎಲ್ಲರ ಮೆಟ್ರಿಕ್ ನಂತರದ ವೇತನಕ್ಕೂ ಎಸ್‌ಎಸ್‌ಪಿ ಎಂಬ ರಾಜ್ಯದ ಪೋರ್ಟಲ್ಲೇ ಬಾಗಿಲು. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ ವಸತಿಗೆಂದು ವಿದ್ಯಾಸಿರಿ ಯೋಜನೆ ಬಂತು. 2013ರಲ್ಲಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳ ನೆರವು. ಬೆಂಗಳೂರಿನ ಪಿಜಿ ಬಾಡಿಗೆ ಗೊತ್ತಿದ್ದವರಿಗೆ ಇದು ಎಷ್ಟರ ಮಟ್ಟಿಗೆ ಸಾಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಬಿಡಬೇಡಿ, ಅದು ನಿಮ್ಮದು.

ಮೂರು, ಕೇಂದ್ರದ ದುಡ್ಡು. ಪಿಯುಸಿಯಲ್ಲಿ ತಮ್ಮ ಮಂಡಳಿಯ ಮೇಲಿನ ನೂರಕ್ಕೆ 20ರ ಸಾಲಿನೊಳಗೆ ಬಂದ, ಕುಟುಂಬದ ವರಮಾನ ನಾಲ್ಕೂವರೆ ಲಕ್ಷ ಮೀರದ ಮಕ್ಕಳಿಗೆ ರಾಷ್ಟ್ರೀಯ ಪೋರ್ಟಲ್ಲಿನ ಮೂಲಕ ವಿದ್ಯಾರ್ಥಿವೇತನವಿದೆ. ಪದವಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸ ವೇತನ. ಇದನ್ನು ಆಯಾ ರಾಜ್ಯಕ್ಕೆ ಹಂಚಿರುತ್ತಾರೆ. ನಮ್ಮವರು ಅರ್ಜಿಯನ್ನೇ ಹಾಕದಿದ್ದರೆ ದೆಹಲಿಯನ್ನು ಬೈದು ಏನು ಫಲ?

ನಾಲ್ಕು, ಸರ್ಕಾರಿ ಶಾಲೆ ಮತ್ತು ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ 2025ರಿಂದ ನಮ್ಮ ರಾಜ್ಯದಲ್ಲೂ ವರ್ಷಕ್ಕೆ 30,000 ರೂಪಾಯಿ ಕೊಡಲು ಮುಂದೆ ಬಂದಿದೆ. ಇನ್ನು ಗಾರೆ ಕೆಲಸದವರ ಮಕ್ಕಳು ಅಪ್ಪ ಅಮ್ಮನ ಹೆಸರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಯಾಗಿದೆಯೆ ಎಂದು ಮೊದಲು ನೋಡಲಿ.

ಎಲ್ಲಿ ಎಡವುತ್ತಾರೆ?

ಆಧಾರಿನಲ್ಲಿ "ಮಂಜುನಾಥ ಎಸ್", ಅಂಕಪಟ್ಟಿಯಲ್ಲಿ "ಎಸ್ ಮಂಜುನಾಥ". ಅಷ್ಟಕ್ಕೇ ಅರ್ಜಿ ಕುಂಟುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ, ಮಂಜೂರಾದ ಹಣ ಬಂದು ಸೇರುವುದಿಲ್ಲ. ಜಾತಿ ಆದಾಯ ಪತ್ರದ ಅವಧಿ ಮುಗಿದಿರುತ್ತದೆ. ಇವೆಲ್ಲ ಮೇ ತಿಂಗಳಲ್ಲೇ ಸರಿಮಾಡಿಕೊಳ್ಳಬಹುದಾದ ಕೆಲಸಗಳು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿ ಜೋಪಾನ ಮಾಡಿ. 2011ರ ಸಕಾಲ ಕಾಯ್ದೆಯಂತೆ ಇಂತಿಷ್ಟು ದಿನದಲ್ಲಿ ಪತ್ರ ಕೊಡಲೇಬೇಕು. "ನಾಳೆ ಬಾ" ಎನ್ನುವ ಗುಮಾಸ್ತರಿಗೆ ಆ ಚೀಟಿ ತೋರಿಸಿ.

ಆಮೇಲೆ ಸಾಲ, ಕಣ್ಣು ಬಿಟ್ಟುಕೊಂಡು

ಇಷ್ಟೆಲ್ಲ ಆದರೂ ಸಾಲದೆ ಬಂದರೆ ಸಾಲ ಮಾಡಬೇಕಾಗುತ್ತದೆ. ಅದಕ್ಕೂ ಕ್ರಮವಿದೆ. ಸಿಇಟಿ ಮೂಲಕ ವೃತ್ತಿ ಕೋರ್ಸಿಗೆ ಸೇರುವ ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಮಕ್ಕಳಿಗೆ ರಾಜ್ಯದ ನಿಗಮಗಳ "ಅರಿವು" ಸಾಲ ನೂರಕ್ಕೆ ಎರಡರ ದರದಲ್ಲಿದೆ. ಮೊದಲು ಅಲ್ಲಿಗೆ ಹೋಗಿ. ಆಮೇಲೆ ಬ್ಯಾಂಕು. ಗಿರವಿ ಅಂಗಡಿ, ಮೊಬೈಲಿನಲ್ಲಿ ಸಾಲ ಕೊಡುವ ಆ್ಯಪು ಕಡೆಗೂ ಬೇಡ.

ಬ್ಯಾಂಕಿನಲ್ಲಿ ಏಳೂವರೆ ಲಕ್ಷದವರೆಗಿನ ಓದಿನ ಸಾಲಕ್ಕೆ 2015ರಿಂದ ಕೇಂದ್ರದ ಖಾತರಿ ನಿಧಿಯಿದೆ. ಈ ನಿಧಿಯಡಿ ಕೊಡುವ ಸಾಲಕ್ಕೆ ಅಡಮಾನವಿಲ್ಲ, ಮೂರನೆಯವರ ಜಾಮೀನಿಲ್ಲ. ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಬೇಕು, ಅಷ್ಟೆ. "ಜಮೀನಿನ ಪತ್ರ ತನ್ನಿ" ಎಂದು ಮ್ಯಾನೇಜರು ಅಂದರೆ, "ಖಾತರಿ ನಿಧಿ ಇದೆಯಲ್ಲ ಸಾರ್" ಎನ್ನಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ವರಮಾನ 8 ಲಕ್ಷದೊಳಗಿನವರಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ನೂರಕ್ಕೆ 3 ರಿಯಾಯಿತಿ ಇದೆ. ಆದರೆ ಅದು ಶ್ರೇಯಾಂಕ ಪಟ್ಟಿಯಲ್ಲಿರುವ ಆಯ್ದ ಸಂಸ್ಥೆಗಳಿಗೆ ಮಾತ್ರ. ಮೊದಲ ಪಟ್ಟಿಯಲ್ಲಿದ್ದದ್ದು ದೇಶದಲ್ಲೆಲ್ಲ 860 ಸಂಸ್ಥೆ. ನಮ್ಮ ತಾಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹುಡುಗಿಗೆ ಅದರಿಂದೇನು ಬಂತು? ಬಡವರ ಮಕ್ಕಳು ಹೆಚ್ಚಾಗಿ ಇರುವ ಕಾಲೇಜುಗಳನ್ನೇ ಹೊರಗಿಟ್ಟು ಬಡವರ ಯೋಜನೆ ಎಂದು ಕರೆಯುವುದು ಯಾವ ನ್ಯಾಯ?

ಈಗ ಬಡ್ಡಿಯ ಲೆಕ್ಕ. ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೊಂದು ಲಕ್ಷದಂತೆ ಸಾಲ ಎತ್ತಿದಿರಿ ಎನ್ನಿ. ಬಡ್ಡಿ ನೂರಕ್ಕೆ 10 ಎಂದುಕೊಳ್ಳಿ. ಓದುವಾಗ ಮತ್ತು ಓದು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮಲಗಿರುವುದಿಲ್ಲ! ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಒಟ್ಟು 1,40,000. ಮೊದಲ ಕಂತು ಕಟ್ಟುವ ದಿನ ನಿಮ್ಮ ಸಾಲ 4 ಲಕ್ಷವಲ್ಲ, 5,40,000 ರೂಪಾಯಿ. ಅದೇ ಲೆಕ್ಕವನ್ನು ನೂರಕ್ಕೆ ಎರಡರಂತೆ ಹಾಕಿದರೆ ಬಡ್ಡಿ 28,000. ಹದಿನೆಂಟು ವರ್ಷದ ಹುಡುಗ, ಹೆಬ್ಬೆಟ್ಟು ಒತ್ತುವ ಅಪ್ಪ, ಇವರಿಬ್ಬರಿಗೂ ಈ ಲೆಕ್ಕವನ್ನು ಕನ್ನಡದಲ್ಲಿ ಬರೆದು ಕೊಟ್ಟವರು ಯಾರಾದರೂ ಇದ್ದಾರೆಯೆ?

ನಿಯಮ ನಮ್ಮ ಕಡೆಗಿದೆ

ಇಲ್ಲಿ ಕೇಳಿ. ಇದು ಯಾವುದೋ ಸಂಘಟನೆಯ ಹಟವಲ್ಲ, ರಿಸರ್ವ್ ಬ್ಯಾಂಕಿನ ಆಜ್ಞೆ. 2024ರ ಏಪ್ರಿಲ್ 15ರ ಸುತ್ತೋಲೆಯಂತೆ, ಅದೇ ವರ್ಷದ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಚಿಲ್ಲರೆ ಸಾಲಗಳಿಗೆಲ್ಲ ಬ್ಯಾಂಕು ಒಂದು "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಕೊಡಬೇಕು. ಓದಿನ ಸಾಲವೂ ಅದರಲ್ಲಿ ಸೇರಿದೆ. ಬಡ್ಡಿ ಎಷ್ಟು, ಇತರ ಖರ್ಚೆಷ್ಟು, ಒಟ್ಟು ಬೀಳುವುದೆಷ್ಟು ಎಂಬ ಮುಖ್ಯ ಸಂಗತಿಗಳು ಅದರಲ್ಲಿರಬೇಕು. ಆ ಕಾಗದ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದನ್ನು ಅವನಿಗೆ ವಿವರಿಸಿ, ಅರ್ಥವಾಯಿತು ಎಂದು ಸಹಿ ಪಡೆಯಬೇಕು. ಅದರಲ್ಲಿ ಬರೆಯದ ಯಾವ ಶುಲ್ಕವನ್ನೂ ಆಮೇಲೆ ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ.

ಅರ್ಥವಾಗುವ ಭಾಷೆ! ಹಾಸನದ ರೈತನಿಗೆ, ಬೀದರಿನ ಕೂಲಿಗೆ, ಮೈಸೂರಿನ ಆಟೋ ಚಾಲಕನಿಗೆ ಅರ್ಥವಾಗುವ ಭಾಷೆ ಯಾವುದು ಎಂದು ಬ್ಯಾಂಕಿನವರಿಗೆ ಹೇಳಿಕೊಡಬೇಕೆ? ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕುವ ಮುನ್ನ "ಇದರ ಕನ್ನಡ ಪ್ರತಿ ಕೊಡಿ" ಎನ್ನಿ. ಸಾಲ ನಿರಾಕರಿಸಿದರೆ "ಕಾರಣ ಬರೆದು ಕೊಡಿ" ಎನ್ನಿ. ಅರ್ಜಿಗೆ ಸ್ವೀಕೃತಿ ಕೊಡಬೇಕು, ನಿರಾಕರಣೆಗೆ ಕಾರಣ ಬರೆದು ಕೊಡಬೇಕು ಎಂಬುದೂ ರಿಸರ್ವ್ ಬ್ಯಾಂಕಿನ ನಿಯಮವೇ. ಬಾಯಿಮಾತಿನ "ಆಗಲ್ಲ" ಎನ್ನುವುದಕ್ಕೆ ಬೆಲೆಯಿಲ್ಲ. ಬ್ಯಾಂಕಿಗೆ ಬರೆದ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಿರಿ. ಒಂದು ಪೈಸೆ ಖರ್ಚಿಲ್ಲ.

ಬ್ಯಾಂಕುಗಳ ತವರಿನಲ್ಲೇ

ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಮೈಸೂರು ಬ್ಯಾಂಕ್. ಇವೆಲ್ಲ ಹುಟ್ಟಿದ್ದು ಈ ಮಣ್ಣಿನಲ್ಲಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ 2020ರಲ್ಲಿ ವಿಲೀನವಾಗಿ ಹೋದವು. ಹೆಸರುಗಳು ಹೋದವು, ಜೊತೆಗೆ ಕೌಂಟರಿನಲ್ಲಿದ್ದ ಕನ್ನಡವೂ ತೆಳುವಾಯಿತು. ಗುಮಾಸ್ತರ ಪರೀಕ್ಷೆಯನ್ನು ಈಗ ಕನ್ನಡದಲ್ಲೂ ಬರೆಯಬಹುದು. ಆದರೆ ಸಾಲ ಮಂಜೂರು ಮಾಡುವ ಅಧಿಕಾರಿಗಳ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲೂಕಿನ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿ ಕನ್ನಡ ಮಾತಾಡಲು ಒಲ್ಲೆ ಎಂದಾಗ ನಾಡೆಲ್ಲ ಕೂಗಿತು, ವರ್ಗಾವಣೆಯಾಯಿತು, ಎಲ್ಲರೂ ಸುಮ್ಮನಾದರು. ಒಬ್ಬರನ್ನು ಎತ್ತಂಗಡಿ ಮಾಡಿದರೆ ಸಾಲದ ಕಾಗದ ಕನ್ನಡವಾಯಿತೆ? ಆ ಕುರ್ಚಿಯಲ್ಲಿ ಕೂತ ವ್ಯಕ್ತಿಯ ಮೇಲೆ ನಮಗೆ ಹಗೆಯಿಲ್ಲ. ನಮ್ಮ ಜಗಳ ಕಾಗದದ ಮೇಲೆ, ಅದನ್ನು ಹಾಗೆ ಅಚ್ಚು ಹಾಕಿಸಿದ ಆಡಳಿತದ ಮೇಲೆ.

ನಾವೇನು ಮಾಡಬೇಕು?

ನಗರದ ಯುವಕ ಯುವತಿಯರೆ, ನಿಮ್ಮ ಬಡಾವಣೆಯಲ್ಲಿ ಕನ್ನಡ ಸಂಘವಿದೆ. ನವೆಂಬರಿನಲ್ಲಿ ಚಂದಾ ಎತ್ತುತ್ತೀರಿ, ಪೆಂಡಾಲು ಹಾಕುತ್ತೀರಿ, ಆರ್ಕೆಸ್ಟ್ರಾ ಕರೆಸುತ್ತೀರಿ. ಬೇಡವೆನ್ನುವುದಿಲ್ಲ. ಆದರೆ ಮೇ ತಿಂಗಳಿಂದ ಆಗಸ್ಟಿನವರೆಗೆ ಭಾನುವಾರಕ್ಕೆ ಎರಡು ತಾಸು, ಸಂಘದ ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು ಇಡಿ. ಕೆಲಸದಲ್ಲಿರುವ ಇಬ್ಬರು ಕೂತು ಅರ್ಜಿ ತುಂಬಿಕೊಡಲಿ, ಬ್ಯಾಂಕಿನ ಕಾಗದ ಓದಿ ಹೇಳಲಿ. ಮನೆ ಕೆಲಸದ ಅಕ್ಕನ ಮಗಳು, ಅಪಾರ್ಟ್‌ಮೆಂಟ್ ಕಾಯುವ ಅಣ್ಣನ ಮಗ ಅಲ್ಲಿಗೆ ಬರಲಿ. ಶಾಖೆಗೆ ಒಂಟಿಯಾಗಿ ಹೋಗಲು ಅಂಜುವ ಹುಡುಗನ ಜೊತೆ ನಾಲ್ಕು ಜನ ಹೋಗಿ. ಗಲಾಟೆ ಬೇಡ, ಗಾಜು ಒಡೆಯುವುದು ಬೇಡ. ಸುತ್ತೋಲೆಯ ಪ್ರತಿ ಕೈಯಲ್ಲಿರಲಿ, ಮಾತು ಕನ್ನಡದಲ್ಲಿರಲಿ, ಉತ್ತರ ಬರಹದಲ್ಲಿ ಬರಲಿ.

ಸರ್ಕಾರಕ್ಕೂ ಒಂದು ಮಾತು. ಪ್ರತಿ ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನಕ್ಕೆಂದೇ ಒಬ್ಬ ಸಿಬ್ಬಂದಿ ಬೇಕು. ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ ಬರುವ ವೇತನದಿಂದ ಜೂನ್ ತಿಂಗಳ ಫೀ ಕಟ್ಟಲಾಗುವುದಿಲ್ಲ. ಹಸಿದಾಗ ಕೊಡದ ಅನ್ನ ಹಳಸಿದ ಮೇಲೆ ಯಾರಿಗೆ?

ಒಂದು ಹುಡುಗಿ ಅರ್ಥವಾಗದ ಕಾಗದದಿಂದಾಗಿ ಓದು ಬಿಟ್ಟರೆ ನಾಳೆ ಒಬ್ಬ ವೈದ್ಯೆ, ಒಬ್ಬ ಎಂಜಿನಿಯರು, ಅದೇ ಬ್ಯಾಂಕಿನ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಮಾತಾಡಬೇಕಿದ್ದ ಒಬ್ಬ ಅಧಿಕಾರಿ ನಮಗೆ ಇಲ್ಲವಾಗುತ್ತಾಳೆ. ಕೇಳದೆ ಅವ್ವನೂ ಊಟಕ್ಕಿಡುವುದಿಲ್ಲ ಎನ್ನುತ್ತಾರೆ. ಈ ಸಲ ಕೇಳೋಣ. ಕನ್ನಡದಲ್ಲೇ ಕೇಳೋಣ. ಕೊಡುವವರೆಗೂ ಕೇಳೋಣ!