ಭರಣಿಗಳ ಹೊಲ

ಜಪಾನಿನ ಅಡುಗೆಮನೆಯಲ್ಲಿ ಒಂದು ಕಾಗುಣಿತವುಂಟು: ಸ, ಶಿ, ಸು, ಸೆ, ಸೊ. ಅಡುಗೆ ಕಲಿಯತೊಡಗಿದವರು ಮೊದಲು ಬಾಯಿಪಾಠ ಮಾಡುವುದು ಇದನ್ನೇ. ‘ಸ’ ಎಂದರೆ ಸಾತೊ, ಸಕ್ಕರೆ, ‘ಶಿ’ ಎಂದರೆ ಶಿಯೊ, ಉಪ್ಪು, ‘ಸು’ ಎಂದರೆ ಸು, ಅಂದರೆ ವಿನೆಗರ್, ‘ಸೆ’ ಎಂಬುದು ಸೋಯಾ ರಸ, ಶೋಯು ಎಂಬ ಅದರ ಹೆಸರನ್ನು ಹಿಂದೆ ‘ಸೆ’ಕಾರದಿಂದ ಬರೆಯುತ್ತಿದ್ದರು, ‘ಸೊ’ ಎಂಬುದು ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯ ಕೊನೆಯ ಅಕ್ಷರ. ಪಾತ್ರೆಗೆ ಇವುಗಳನ್ನು ಹಾಕಬೇಕಾದ ಕ್ರಮವೂ ಇದೇ. ಸಕ್ಕರೆ ನಿಧಾನವಾಗಿ ಒಳಹೋಗುವುದರಿಂದ ಅದಕ್ಕೆ ಮೊದಲ ಮಣೆ. ವಿನೆಗರನ್ನು ಬಹಳ ಹೊತ್ತು ಕುದಿಸಿದರೆ ಅದರ ಪರಿಮಳ ಹಾರಿಹೋಗುವುದರಿಂದ ಅದು ಸ್ವಲ್ಪ ತಡೆದು ಬರಬೇಕು.

ಪ್ರಸಂಗವಶಾತ್ ಒಂದು ಮಾತು. ಜಪಾನೀ ಅಕ್ಷರಮಾಲೆಯ ಅ, ಇ, ಉ, ಎ, ಒ. ಕ, ಸ, ತ, ನ ಎಂಬ ಈ ಜೋಡಣೆಯ ಹಿಂದೆ ಬೌದ್ಧ ಭಿಕ್ಷುಗಳು ನಡೆಸಿದ ಸಂಸ್ಕೃತ ವರ್ಣಮಾಲೆಯ ಅಭ್ಯಾಸವಿದೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ, ನಮ್ಮ ಕಾಗುಣಿತದ ದೂರದ ನೆಂಟನೊಬ್ಬ ಅಲ್ಲಿ ಒಲೆಯ ಮುಂದೆ ನಿಂತಿರುವುದನ್ನು ಕಂಡು ಸಂತೋಷವಾಗುವುದು ಸಹಜವಷ್ಟೆ. ಇನ್ನೊಂದು ಶಬ್ದವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ‘ಅಂಬೈ’ ಎಂಬ ಜಪಾನೀ ಮಾತನ್ನು ‘ಉಪ್ಪು’ ಮತ್ತು ‘ಉಮೆ’ ಎಂಬ ಹುಳಿಹಣ್ಣು, ಈ ಎರಡರ ಅಕ್ಷರಗಳನ್ನು ಕೂಡಿಸಿ ಬರೆಯುತ್ತಾರೆ. ಉಮೆ ಹಣ್ಣನ್ನು ಉಪ್ಪಿನಲ್ಲಿಟ್ಟಾಗ ಒಸರುವ ರಸವೇ ಆ ನಾಡಿನ ಅತ್ಯಂತ ಹಳೆಯ ಹುಳಿಗಳಲ್ಲೊಂದು. ಇಂದು ಆ ಮಾತಿಗೆ ಅಡುಗೆಯ ರುಚಿ, ಕೆಲಸದ ಗತಿ, ದೇಹದ ಸ್ಥಿತಿ ಇವೆಲ್ಲವೂ ಅರ್ಥ. ನಮ್ಮಲ್ಲಿ ‘ಹದ’ ಎನ್ನುವುದಿಲ್ಲವೆ? ಅದೇ.

ಅಕ್ಕಿಯಿಂದ ವಿನೆಗರ್ ಮಾಡುವ ವಿದ್ಯೆ ಜಪಾನಿಗೆ ಚೀನದಿಂದ ಬಂದುದು. ಸುಮಾರು ನಾಲ್ಕೈದನೆಯ ಶತಮಾನದಲ್ಲಿ, ಇಂದಿನ ಒಸಾಕಾದ ದಕ್ಷಿಣಕ್ಕಿರುವ ಇಜುಮಿ ಪ್ರಾಂತದಲ್ಲಿ ಅದು ನೆಲೆಯೂರಿತೆಂದು ಪರಂಪರೆ ಹೇಳುತ್ತದೆ. ಬಹುಕಾಲ ಅದು ಅರಮನೆಯ ಪಂಕ್ತಿಯ ವಸ್ತುವಾಗಿತ್ತು. ಅದು ಜನಸಾಮಾನ್ಯರ ಬಾಯಿಗೆ ಬಂದ ಕಥೆಯಲ್ಲಿ ‘ಸುಶಿ’ಯ ಪಾತ್ರ ದೊಡ್ಡದು. ಸಸ್ಯಾಹಾರಿ ಓದುಗರು ಮೀನಿನ ಹೆಸರು ಕೇಳಿದೊಡನೆ ಪುಟ ಮಗುಚದಿರಲಿ. ಇಲ್ಲಿ ನಾಯಕಪಾತ್ರ ಅನ್ನದ್ದೇ.

ಸುಶಿ ಎಂದರೆ ‘ಹುಳಿಯಾದುದು’ ಎಂದೇ ಅರ್ಥ. ಬಿವಾ ಸರೋವರದ ದಡದ ಜನ ಮೀನನ್ನು ಉಪ್ಪಿನಲ್ಲಿಟ್ಟು, ಅನಂತರ ಅನ್ನದೊಳಗೆ ಹುದುಗಿಸಿ, ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಬಿಡುತ್ತಿದ್ದರು, ಇಂದಿಗೂ ಬಿಡುತ್ತಾರೆ. ಹಾಲನ್ನು ಮೊಸರು ಮಾಡುವ ಸೂಕ್ಷ್ಮಜೀವಿಗಳ ಬಂಧುಗಳು ಆ ಅನ್ನವನ್ನು ಹುಳಿಯಾಗಿಸುತ್ತವೆ. ಆ ಹುಳಿಯಿಂದ ಮೀನು ಕೆಡದೆ ಉಳಿಯುತ್ತದೆ. ಆದರೆ ಎದೊ ನಗರದ, ಎಂದರೆ ಇಂದಿನ ಟೋಕಿಯೊದ, ಜನಕ್ಕೆ ಅಷ್ಟು ತಾಳ್ಮೆಯಿರಲಿಲ್ಲ. ಅನ್ನ ತಾನಾಗಿ ಹುಳಿಯಾಗುವುದನ್ನು ಕಾಯುವ ಬದಲು ಅದಕ್ಕೆ ವಿನೆಗರನ್ನೇ ಬೆರೆಸಿ ಅಂದಂದೇ ತಿನ್ನತೊಡಗಿದರು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ, ಅನ್ನವನ್ನು ಮುಷ್ಟಿಯಲ್ಲಿ ಒತ್ತಿ ಮೇಲೊಂದು ಮೀನಿನ ಚೂರನ್ನಿಟ್ಟು ಕೊಡುವ ಬೀದಿಯ ಸುಶಿ ಹುಟ್ಟಿತು. ಹೀಗೆ ವಿನೆಗರ್ ಅವಸರದವರ ಆಸರೆಯಾಯಿತು. ಸ್ವಾರಸ್ಯವೇನೆಂದರೆ, ವಿನೆಗರ್ ತಾನು ಮಾತ್ರ ಅವಸರದಲ್ಲಿ ಆಗತಕ್ಕ ವಸ್ತುವಲ್ಲ. ಕಾಯುವ ಕೆಲಸ ತಪ್ಪಲಿಲ್ಲ. ಮೀನಿನ ಪೀಪಾಯಿಯಿಂದ ವಿನೆಗರಿನ ಭರಣಿಗೆ ವರ್ಗವಾಯಿತು, ಅಷ್ಟೆ.

ಅದು ಆಗುವ ಬಗೆ ಹೀಗೆ. ಬೆಂದ ಅಕ್ಕಿಯ ಮೇಲೆ ‘ಕೋಜಿ’ ಎಂಬ ಬೂಷ್ಟನ್ನು ಬೆಳೆಸುತ್ತಾರೆ. ಬೂಷ್ಟೆಂದರೆ ನಾವು ಎಸೆಯುವ ವಸ್ತು. ಜಪಾನೀಯರಾದರೋ ಅದನ್ನು ಮಗುವಿನಂತೆ ಸಾಕಿದ್ದಾರೆ. ಆ ಬೂಷ್ಟು ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ; ಯೀಸ್ಟ್ ಆ ಸಕ್ಕರೆಯನ್ನು ಮದ್ಯವಾಗಿಸುತ್ತದೆ. ಇಲ್ಲಿಗೆ ನಿಲ್ಲಿಸಿದರೆ ಅದು ‘ಸಾಕೆ’. ಗಾಳಿಗೆ ತೆರೆದಿಟ್ಟು ಇನ್ನೊಂದು ಬಗೆಯ ಸೂಕ್ಷ್ಮಜೀವಿಗಳಿಗೆ ಎಡೆಗೊಟ್ಟರೆ ಮದ್ಯ ಹುಳಿಯಾಗಿ ‘ಸು’ ಆಗುತ್ತದೆ. ಹಾಲು ಒಡೆದರೆ ಗೃಹಿಣಿ ಮರುಗುತ್ತಾಳೆ, ಅದೇ ಹಾಲಿಗೆ ತಾನೇ ಹೆಪ್ಪು ಹಾಕುತ್ತಾಳೆ. ಸಾಕೆಗೂ ಸುವಿಗೂ ಇರುವ ಸಂಬಂಧ ಇಂಥದು.

ಆದ್ದರಿಂದಲೇ ಮದ್ಯ ತಯಾರಿಸುವ ಮನೆಗಳಿಗೆ ವಿನೆಗರಿನ ಹೆಸರೆತ್ತಿದರೆ ಎದೆ ನಡುಗುತ್ತಿತ್ತು. ಆ ಸೂಕ್ಷ್ಮಜೀವಿಗಳು ಒಂದು ಕೊಪ್ಪರಿಗೆಗೆ ತಗಲಿದರೆ ವರ್ಷದ ದುಡಿಮೆಯೇ ಹುಳಿಯಾದೀತು. ಅಂಥ ಮನೆಯ ಯಜಮಾನನೊಬ್ಬ, ನಗೋಯಾ ಸಮೀಪದ ಹಂಡಾ ಊರಿನ ನಕನೊ ಮತಾಜಾಯೆಮೊನ್ ಎಂಬಾತ, 1804ರಲ್ಲಿ ವಿನೆಗರಿಗೇ ಕೈಹಾಕಿದ. ಸಾಕೆಯನ್ನು ಹಿಂಡಿದ ಮೇಲೆ ಉಳಿಯುವ ಗಸಿಯೇ ಅವನ ಬಂಡವಾಳ. ಗಸಿಯನ್ನು ಹಳೆಯದಾಗಲು ಬಿಟ್ಟು ತೆಗೆದ ಆ ವಿನೆಗರ್ ತುಸು ಕೆಂಪಗೆ, ಅಕ್ಕಿಯದಕ್ಕಿಂತ ಅಗ್ಗವಾಗಿತ್ತು. ಹಡಗಿನಲ್ಲಿ ಎದೊ ಮುಟ್ಟಿ ಸುಶಿಯವರ ಕೈ ಸೇರಿತು. ಆತ ಕಟ್ಟಿದ ಮಿತ್ಸುಕನ್ ಮನೆತನ ಇಂದು ಜಪಾನಿನ ದೊಡ್ಡ ವಿನೆಗರ್ ಉದ್ಯಮ.

ಆದರೆ ನನ್ನ ಮನಸ್ಸು ಸೆಳೆದದ್ದು ಹಂಡಾ ಅಲ್ಲ; ಕ್ಯೂಶು ದ್ವೀಪದ ದಕ್ಷಿಣ ತುದಿಯ ಕಾಗೊಶಿಮಾ ಸೀಮೆಯ ಫುಕುಯಾಮ. ಮೂರು ಕಡೆ ಗುಡ್ಡ, ಒಂದು ಕಡೆ ಕೊಲ್ಲಿ. ನೀರಿನಾಚೆ ಹೊಗೆಯುಗುಳುವ ಸಕುರಜಿಮಾ ಜ್ವಾಲಾಮುಖಿ. ಈಚೆಯ ಇಳಿಜಾರಿನಲ್ಲಿ, ಬಟ್ಟಬಯಲಿನಲ್ಲಿ, ಸಾಲುಸಾಲಾಗಿ ಕಪ್ಪು ಭರಣಿಗಳು. ಒಂದೆರಡು ನೂರಲ್ಲ, ಸಾವಿರ ಸಾವಿರ. ಅಲ್ಲಿಯವರು ಇದನ್ನು ‘ಭರಣಿಗಳ ಹೊಲ’ ಎಂದೇ ಕರೆಯುತ್ತಾರೆ. ಸುಮಾರು ಇನ್ನೂರು ವರ್ಷಗಳಿಂದ ನಡೆದು ಬಂದ ಕೃಷಿ ಇದು.

ಒಂದೊಂದು ಭರಣಿಗೆ ಸುಮಾರು 54 ಲೀಟರ್ ಹಿಡಿಯುತ್ತದೆ. ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ ‘ಬಿತ್ತನೆ’. ಅಡಿಯಲ್ಲಿ ಕೋಜಿ, ಅದರ ಮೇಲೆ ಬೆಂದ ಅಕ್ಕಿ, ಬಳಿಕ ಬುಗ್ಗೆಯ ನೀರು. ಕಟ್ಟಕಡೆಗೆ ಒಣಗಿದ ಕೋಜಿಯನ್ನು ನೀರಿನ ಮೇಲೆ ತೇಲುವಂತೆ ಉದುರಿಸುತ್ತಾರೆ. ಕೆಲಸಗಾರನ ಕೈಚಳಕವೆಲ್ಲ ಈ ಕೊನೆಯ ಹಿಡಿಯಲ್ಲಿದೆ. ಮೇಲ್ಭಾಗವನ್ನೆಲ್ಲ ತೆಳ್ಳಗೆ ಮುಚ್ಚಿದ ಈ ಪದರವೇ ಮುಚ್ಚಳವಾಗಿ, ಬೇಡದ ಅತಿಥಿಗಳನ್ನು ಹೊರಗಿಟ್ಟು, ಕೆಳಗೆ ಸಕ್ಕರೆಯೂ ಮದ್ಯವೂ ನಿರ್ವಿಘ್ನವಾಗಿ ಹುಟ್ಟಲು ಅವಕಾಶ ಕೊಡುತ್ತದೆ. ಆ ಕೆಲಸ ಮುಗಿಯುತ್ತ ಬಂದಾಗ ಮುಚ್ಚಳ ತಾನಾಗಿ ಮುಳುಗುತ್ತದೆ. ಗಾಳಿ ಸೋಕಿದ ಮೇಲ್ಮೈಯಲ್ಲಿ ಹುಳಿ ಮಾಡುವ ಜೀವಿಗಳು ಕೆನೆಯಂತೆ ಕಟ್ಟುತ್ತವೆ. ಬೇರೆಡೆ ಬೇರೆ ಬೇರೆ ಪಾತ್ರೆಗಳಲ್ಲಿ ನಡೆಯುವ ಮೂರು ಕಾರ್ಯಗಳು ಇಲ್ಲಿ ಒಂದೇ ಭರಣಿಯಲ್ಲಿ, ಒಂದರ ಹಿಂದೆ ಒಂದು ನಡೆಯುತ್ತವೆ. ಬೆಂಕಿಯಿಲ್ಲ, ಯಂತ್ರವಿಲ್ಲ, ಕಪ್ಪು ಮೈ ಹೀರಿಕೊಂಡ ಬಿಸಿಲೇ ಕಾವು. ಯೀಸ್ಟನ್ನೂ ಹೊರಗಿನಿಂದ ಹಾಕುವುದಿಲ್ಲ. ಹಳೆಯ ಭರಣಿಯ ಗೋಡೆಯಲ್ಲಿ ಅದು ಮನೆಮಾಡಿಕೊಂಡಿರುತ್ತದೆ.

ಕೆಲಸಗಾರರು ಭರಣಿಯಿಂದ ಭರಣಿಗೆ ಹೋಗಿ ಮುಚ್ಚಳ ಸರಿಸಿ ನೋಡುತ್ತಾರೆ, ಮೂಸುತ್ತಾರೆ, ಕಿವಿಗೊಟ್ಟು ಹುದುಗಿನ ಸದ್ದನ್ನು ಕೇಳುತ್ತಾರೆ. ಅಗತ್ಯ ಕಂಡರೆ ಬಿದಿರುಕೋಲಿನಿಂದ ಕದಡುತ್ತಾರೆ. ಅಕ್ಕಪಕ್ಕದ ಎರಡು ಭರಣಿಗಳೂ ಒಂದೇ ಹಾದಿ ಹಿಡಿಯುವುದಿಲ್ಲವಂತೆ. ತರಗತಿಯಲ್ಲಿ ಒಂದೇ ಬೆಂಚಿನ ಇಬ್ಬರು ಹುಡುಗರನ್ನು ಬಲ್ಲ ನನಗೆ ಇದನ್ನು ನಂಬುವುದು ಕಷ್ಟವಾಗಲಿಲ್ಲ. ಹುಳಿಯಾಗಲು ಸುಮಾರು ಆರು ತಿಂಗಳು. ಮಾಗಲು ಮತ್ತೆ ಆರು ತಿಂಗಳಿಂದ ಎರಡು ಮೂರು ವರ್ಷ. ಅಷ್ಟರಲ್ಲಿ ತಿಳಿಯಾದ ರಸ ಜೇನುಬಣ್ಣಕ್ಕೆ, ಅಲ್ಲಿಂದ ಕಡುಗಂದಿಗೆ ತಿರುಗುತ್ತದೆ. ಇದೇ ‘ಕುರೊಜು’, ಕರಿ ವಿನೆಗರ್.

ಈ ಹೊಲ ಬರಿದಾಗುವ ಕಾಲವೂ ಬಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ. ಉಣ್ಣಲಿಲ್ಲದ ಅಕ್ಕಿಯನ್ನು ಹುಳಿಗೆ ಕೊಡುವವರಾರು? ರಾಸಾಯನಿಕ ಕಾರ್ಖಾನೆಯ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿ, ರುಚಿ ಕೂಡಿಸಿದ ಕೃತಕ ವಿನೆಗರ್ ಅಂಗಡಿಗಳನ್ನು ತುಂಬಿತು. ಯುದ್ಧ ಮುಗಿದು ಅಕ್ಕಿ ಮರಳಿದರೂ ಅದು ಹಿಂದೆಗೆಯಲಿಲ್ಲ. ಅಗ್ಗದ ವಸ್ತು ಎಲ್ಲಿಯಾದರೂ ತಾನಾಗಿ ಹಿಂದೆಗೆದದ್ದುಂಟೆ? ಫುಕುಯಾಮದ ಭರಣಿಗಳ ಯಜಮಾನರು ಒಬ್ಬೊಬ್ಬರಾಗಿ ಕೈಬಿಟ್ಟರು. ಕೈಬಿಡದೆ ಉಳಿದ ಅತ್ಯಲ್ಪ ಮಂದಿಯಿಂದ ವಿದ್ಯೆ ಉಳಿಯಿತು. ಹುದುಗಿಸಿದ್ದು ಯಾವುದು, ಕೃತಕ ಯಾವುದು ಎಂಬುದನ್ನು ಸೀಸೆಯ ಮೇಲೆ ಬೇರ್ಪಡಿಸಿ ಹೇಳುವ ನಿಯಮಗಳು ಬಂದ ಮೇಲೆ ಗಾಳಿ ತಿರುಗಿತು. ಈಗ ಕುರೊಜುವನ್ನು ಔಷಧಿಯಂತೆ ಲೋಟದಲ್ಲಿ ಬೆರೆಸಿ ಕುಡಿಯುವವರು ಬಹಳ. ಅದರ ಮಹಿಮೆಗಳ ಪಟ್ಟಿಯನ್ನು ನಾನು ಪೂರ್ತಿ ನಂಬಲಾರೆ. ಹೊಲ ಉಳಿದದ್ದಕ್ಕೆ ಮಾತ್ರ ಆ ನಂಬಿಕೆಯವರಿಗೂ ನಮಸ್ಕಾರ.

ಕ್ಯೋಟೊ ಪ್ರಾಂತದ ಉತ್ತರದಲ್ಲಿ, ಸಮುದ್ರತೀರದ ಮಿಯಾಜು ಊರಿನಲ್ಲಿ, 1893ರಲ್ಲಿ ಆರಂಭವಾದ ಈಯೊ ಮನೆತನದವರ ಕಥೆ ಬೇರೊಂದು ಬಗೆಯದು. ಗದ್ದೆಗಳಿಗೆ ಕೀಟನಾಶಕ ಸುರಿಯುವ ಕಾಲ ಬಂದಾಗ ಮೂರನೆಯ ತಲೆಮಾರಿನವರು ಊರಿನ ರೈತರ ಮನವೊಲಿಸಿ, 1964ರಿಂದ ವಿಷ ಹಾಕದೆ ಬೆಳೆದ ಅಕ್ಕಿಯನ್ನೇ ಕೊಳ್ಳತೊಡಗಿದರು. ಅಕ್ಕಿಯಿಂದ ಸಾಕೆಯನ್ನೂ ಇವರೇ ಮಾಡುತ್ತಾರೆ. ಅನಂತರ ಹಿಂದಿನ ಬಾರಿಯ ವಿನೆಗರಿನ ಮೇಲಿನ ಕೆನೆಯನ್ನು ಮೆಲ್ಲನೆ ಎತ್ತಿ ಹೊಸದರ ಮೇಲೆ ತೇಲಿಬಿಡುತ್ತಾರೆ. ನಾವು ನಿನ್ನೆಯ ಮೊಸರಿನಿಂದ ಹೆಪ್ಪು ಹಾಕಿದ ಹಾಗೆ. ಕದಡದೆ ಬಿಟ್ಟರೆ ಹುಳಿಯಾಗಲು ಮೂರು ತಿಂಗಳಿಗೂ ಮೇಲೆ ಬೇಕು. ಗಾಳಿಯನ್ನು ರಭಸದಿಂದ ಊದುವ ಉಕ್ಕಿನ ತೊಟ್ಟಿಯಲ್ಲಿ ಒಂದೆರಡು ದಿನಗಳಲ್ಲೇ ಈ ಕೆಲಸ ಮುಗಿಯುತ್ತದೆ.

ಜಪಾನಿನ ಸರಕಾರದ ಮಾನದಂಡದಂತೆ ಒಂದು ಲೀಟರಿಗೆ 40 ಗ್ರಾಂ ಅಕ್ಕಿ ಬಳಸಿದರೆ ಸೀಸೆಯ ಮೇಲೆ ‘ಅಕ್ಕಿಯ ವಿನೆಗರ್’ ಎಂದು ಬರೆಯಬಹುದು. ಅಷ್ಟು ಅಕ್ಕಿಯಿಂದ ಒಂದು ಲೀಟರಿಗೆ ಸಾಲುವಷ್ಟು ಹುಳಿ ಹುಟ್ಟಲಾರದು. ಕೊರತೆಯನ್ನು ಹೊರಗಿನ ಮದ್ಯಸಾರ ತುಂಬುತ್ತದೆ. ಕುರೊಜು ಎನ್ನಿಸಿಕೊಳ್ಳಲು 180 ಗ್ರಾಂ ಬೇಕು. ಮಿಯಾಜುವಿನ ಈ ಮನೆಯವರು ಕರಿಯದಲ್ಲದ ತಮ್ಮ ಸಾಧಾರಣ ವಿನೆಗರಿಗೇ 200 ಗ್ರಾಂ ಹಾಕುತ್ತಾರೆ. ಎಲ್ಲವೂ ಹುಳಿಯೇ ನಿಜ. ಆದರೆ ಒಂದು ಗಂಟಲನ್ನು ಚುಚ್ಚುತ್ತದೆ, ಇನ್ನೊಂದರಲ್ಲಿ ಹುಳಿಯ ಹಿಂದೆ ಅಕ್ಕಿಯ ಸವಿಯೂ ಬರುತ್ತದೆ.

ನಮ್ಮ ಅಂಗಡಿಗಳಲ್ಲಿ ಸಿಕ್ಕುವ ಅಗ್ಗದ ಬಿಳಿ ವಿನೆಗರಿನ ಸೀಸೆಯನ್ನು ತಿರುಗಿಸಿ ನೋಡಿರಿ. ‘ಕೃತಕ, ಅಸಿಟಿಕ್ ಆಮ್ಲದಿಂದ ತಯಾರಿಸಿದ್ದು’ ಎಂಬ ಅರ್ಥದ ಸಾಲು ಸಣ್ಣ ಅಕ್ಷರಗಳಲ್ಲಿ ಕಂಡೀತು. ಹಾಗೆ ಅಚ್ಚು ಹಾಕಬೇಕೆಂದು ನಮ್ಮಲ್ಲಿಯೂ ನಿಯಮವಿದೆ. ಹುದುಗಿಸಿದ ಅಕ್ಕಿಯ ವಿನೆಗರ್ ಬೆಂಗಳೂರಿನಂಥ ಊರುಗಳಲ್ಲಿ ಈಗ ದೊರೆಯುತ್ತದೆ. ದೊರೆತರೆ ಎಳೆಯ ಸೌತೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ನೀರು ಹಿಂಡಿ ತೆಗೆಯಿರಿ. ಮೂರು ಚಮಚ ವಿನೆಗರಿಗೆ ಒಂದು ಚಮಚ ಸಕ್ಕರೆ ಕರಗಿಸಿ ಮೇಲೆ ಸುರಿಯಿರಿ. ಜಪಾನೀಯರು ‘ಸುನೊಮೊನೊ’ ಎನ್ನುವ ಕೋಸಂಬರಿ ಸಿದ್ಧವಾಗುತ್ತದೆ. ಕೈ ತಡೆಯದೆ ಸಾಸಿವೆ, ಇಂಗಿನ ಒಗ್ಗರಣೆ ಮಾತ್ರ ಕೊಟ್ಟುಬಿಡಬೇಡಿರಿ.